ಕರಿಯಪ್ಪನವರ ಹೆಸರಿನ ಮೀಟರ್

ಆಗಸ್ಟ್ 3, 2024, ಶನಿವಾರ
ಈ ಬಾರಿ ಇಲ್ಲಿಯವರೆಗೆ 462 ಯೂನಿಟ್. ರೀಡಿಂಗ್‌ಗೆ ಇನ್ನೂ ಒಂಬತ್ತು ದಿನ. ಎರಡು ತಿಂಗಳಿಗೆ ಐನೂರು ದಾಟಿದರೆ ಹಿಂದಿನ ಯೂನಿಟ್‌ಗಳಿಗೂ ಹೆಚ್ಚಿನ ದರ ಬೀಳುತ್ತದೆ. ಜುಲೈನಿಂದ ದರವೂ ಏರಿದೆ. ಪೇಪರಿನಲ್ಲಿ ಬಂದ ಪಟ್ಟಿ ಕತ್ತರಿಸಿ ಆಗಲೇ ಗೋಡೆಗೆ ಅಂಟಿಸಿದ್ದೇನೆ, 500ರ ಸುತ್ತ ಕೆಂಪು ಗೆರೆ ಎಳೆದು.
ಅತ್ತೆ ಮೀಟರ್ ಮುಂದೆ ನಿಂತು, "ಕುರಿ ಮೇದಂಗೆ ಮೇಯ್ತೈತಲ್ಲಮ್ಮಿ ಇದು" ಅಂದರು.

ಆಗಸ್ಟ್ 9, ಶುಕ್ರವಾರ
ಅತ್ತೆಯ ಶುಗರ್ 338. ಊಟ ಅದೇ. ಇನ್ಸುಲಿನ್ ದಿನಾ ನಾನೇ ಹಾಕುತ್ತೇನೆ. ಡಾಕ್ಟರು ಡೋಸ್ ಏರಿಸಿದರು. ಕಾರಣ ತಿಳಿಯುತ್ತಿಲ್ಲ.

ಆಗಸ್ಟ್ 10, ಮಧ್ಯಾಹ್ನ 2
ಕಾರಣ ತಿಳಿಯಿತು.
ನಾನು ಕೆಲಸ ಮಾಡುವ ಹೊಲಿಗೆ ಯೂನಿಟ್ಟಿಗೆ ಇವತ್ತು ಅರ್ಧ ದಿನ. ಮನೆಗೆ ಬಂದರೆ ಫ್ರಿಜ್ ಆಫ್. ಮೊಸರು ಹುಳಿ. ಬಾಗಿಲಲ್ಲಿಟ್ಟ ಇನ್ಸುಲಿನ್ ಸೀಸೆ ಬೆಚ್ಚಗೆ. ಒಂದು ತಿಂಗಳಿಂದ ಹೀಗೇ ಅಂತೆ—ನಾನು ಹೊರಟ ಮೇಲೆ ಆಫ್, ಬರುವ ಮುಂಚೆ ಆನ್.
"ಐನೂರು ಮುಟ್ಟಬಾರ್ದು ಅಂತ ನೀನೇ ಅಲ್ವೇನಮ್ಮಿ ಗ್ವಾಡೆಗೆ ಅಂಟ್ಸಿದ್ದು?"
"ಅತ್ತೆ, ಮದ್ದು ಕೆಟ್ಟೋಯ್ತದೆ!"
"ನಂಗೇನು ಗೊತ್ತು? ಕುರಿಗೆ ಆಕೋ ಮದ್ದು ಕೊಟ್ಟಿಗೆ ಸೂರಿನಾಗೆ ತಾನೆ ಸಿಗ್ಸಿರ್ತೀವಿ. ಕುರಿ ಚೆನ್ನಾಗೇ ಐತೆ."
ಪಟ್ಟಿ ಕಿತ್ತು ಹಾಕಿದೆ. ಹೊಸ ಸೀಸೆ ತಂದೆ.

ಆಗಸ್ಟ್ 25, ಭಾನುವಾರ
ಆಫ್ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದರು. ನಿನ್ನೆ ಪಕ್ಕದ ಮನೆಯ ಪಳನಿಯಮ್ಮನಿಗೆ ಫೋನ್ ಮಾಡಿ ನೋಡಲು ಹೇಳಿದೆ. ಮತ್ತೆ ಆಫ್. ಬಿಲ್ಲಿನ ಹೆದರಿಕೆ ಇರುವ ತನಕ ಅತ್ತೆಯ ಕೈ ಸ್ವಿಚ್ ಬಿಡುವುದಿಲ್ಲ. ಹೆದರಿಕೆಯನ್ನೇ ತೆಗೆಯಬೇಕು.
ಧರ್ಮಪುರಿಯಿಂದ ಸೋಲಾರ್ ಹಾಕುವ ಶಿವರಾಮನ್ ಬಂದಿದ್ದರು. ನಮ್ಮ ಮಾಡಿ, ಅಂದರೆ ತಾರಸಿ ಮೇಲೆ ಎರಡು ಕಿಲೋವ್ಯಾಟ್ ಸಾಕಂತೆ. ಅರ್ಧದಷ್ಟು ಸಬ್ಸಿಡಿ, ಉಳಿದದ್ದಕ್ಕೆ ಬ್ಯಾಂಕ್ ಲೋನ್. ಕಂತು ಹೆಚ್ಚುಕಡಿಮೆ ಈಗಿನ ಬಿಲ್ಲಿನಷ್ಟೇ.
ಒಂದೇ ತೊಡಕು. ಕನೆಕ್ಷನ್ ಮಾವನವರ ಹೆಸರಿನಲ್ಲಿದೆ. ಅವರು ತೀರಿಕೊಂಡು ಹನ್ನೊಂದು ವರ್ಷ. ಅತ್ತೆಯ ಹೆಸರಿಗೆ ಬದಲಾಯಿಸದೆ ಅರ್ಜಿ ಹೋಗುವುದಿಲ್ಲ.
"ಅದನ್ನ ಮುಟ್ಬ್ಯಾಡ್ರಿ" ಅಂದರು ಅತ್ತೆ. "ಎರಡು ತಿಂಗ್ಳಿಗೊಂದ್ ಸಲ ಫೋನಾಗೆ ಕರಿಯಪ್ಪ ಅಂತ ಬತ್ತದೆ. ಈಗ ಅವ್ರ ಎಸ್ರು ಏಳೋರು ಇನ್ಯಾರವ್ರೆ?"
ಬಿಲ್ ಮೆಸೇಜ್ ಬಂದಾಗಲೆಲ್ಲ "ಓದು, ಓದು" ಎನ್ನುತ್ತಿದ್ದರು. ಮೊತ್ತ ಕೇಳಲು ಎಂದುಕೊಂಡಿದ್ದೆ...

ಸೆಪ್ಟೆಂಬರ್ 18, ಬುಧವಾರ
ಮೂರು ದಿನದ ಹಿಂದೆ ಅತ್ತೆ ಕುರಿ ಕೊಟ್ಟಿಗೆಯಲ್ಲಿ ತಲೆಸುತ್ತಿ ಬಿದ್ದರು. ಶುಗರ್ 412. ಫ್ರಿಜ್ ಆಫ್ ಮಾಡುವುದನ್ನು ಬಿಟ್ಟೇ ಇರಲಿಲ್ಲ. ಆಸ್ಪತ್ರೆಯಲ್ಲಿದ್ದೇವೆ. ನಮ್ಮ ಯಜಮಾನರು ಏರ್ಕಾಡ್ ಬಸ್ಸಿನ ಡ್ಯೂಟಿ ಬಿಟ್ಟು, ಕಂಡಕ್ಟರ್ ಬ್ಯಾಗಿನೊಂದಿಗೇ ಬಂದರು.
"ಅವ್ವಾ, ಅಪ್ಪನ್ ಎಸ್ರು ಉಳೀಲಿ ಅಂತ ನೀನೇ ಓಗ್ಬುಟ್ರೆ, ಅದನ್ನ ಕೇಳೋರು ಯಾರು?"
ಅತ್ತೆ ಹಾಸಿಗೆಯಲ್ಲಿ ಎದ್ದು ಕೂತರು.
"ಟಿಕೆಟ್ ಅರಿಯೋನು ಇಷ್ಟು ಮಾತು ಎಲ್ಲಿ ಕಲ್ತೆ ಬಾಲಾಜಿ?"
ಆಮೇಲೆ ನನ್ನ ಕಡೆ ತಿರುಗಿ, "ಪೇಪರ್ ತತ್ತಾ. ಎಬ್ಬೆಟ್ಟಲ್ಲ, ಸೈನ್ ಆಕ್ತೀನಿ."
ಮುನಿವೆಂಕಟಮ್ಮ. ಐದು ನಿಮಿಷ ಹಿಡಿಯಿತು. ಒಂದಕ್ಷರ ತಪ್ಪಿಲ್ಲ.

ಅಕ್ಟೋಬರ್ 30
ಹೆಸರು ಬದಲಾಯಿತು. ಕಂಬೈನಲ್ಲೂರಿನ ಕರೆಂಟ್ ಆಫೀಸಿಗೆ ಒಟ್ಟು ಆರು ಸಲ ಹೋದೆ.

ಡಿಸೆಂಬರ್ 10, ಮಂಗಳವಾರ
ನಾಲ್ಕು ಪ್ಯಾನಲ್ ಕೂತಿವೆ. ಹೋಗುವ ಕರೆಂಟ್, ಬರುವ ಕರೆಂಟ್ ಎರಡನ್ನೂ ಅಳೆಯುವ ಮೀಟರ್ ಇವತ್ತು ಹಾಕಿದರು.
ಅತ್ತೆಯದೊಂದು ಷರತ್ತಿತ್ತು. ಪ್ಯಾನಲ್ ಸ್ಟ್ಯಾಂಡಿನ ಮೇಲೆ ಮಾವನವರ ಹೆಸರು. ಶಿವರಾಮನ್ ನಕ್ಕು, ತಗಡಿನ ಮೇಲೆ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ ಬರೆಸಿ ತಂದರು. ಬೀದಿಯವರೆಲ್ಲ ಓದಲಿ ಎಂದು ತಮಿಳಿನಲ್ಲಿ. ಮೊದಲು ಓದಿದವಳು ಪಳನಿಯಮ್ಮ, ಅದೂ ಕೂಗಿ.
"ಏನಕ್ಕಾ, ಕರಿಯಪ್ಪಣ್ಣ ಮಾಡಿ ಮ್ಯಾಲೆ ಅತ್ತವ್ರೆ!"
"ಇರ್ಲಿ ಬುಡೇ. ಬದುಕಿದ್ದಾಗ ಬಿಸ್ಲಾಗೆ ಒಂದ್ ಗಳಿಗೆ ನಿಂತೋರಲ್ಲ. ಈಗ ದುಡೀಲಿ."
ಬೀದಿಯೇ ನಕ್ಕಿತು.

ಫೆಬ್ರವರಿ 11, 2025, ಮಂಗಳವಾರ, ಬೆಳಿಗ್ಗೆ 11
ರಜೆ ಹಾಕಿ ಮನೆಯಲ್ಲಿದ್ದೆ. ರೀಡಿಂಗ್‌ನವರು ಬಂದರು.
ನಾವು ಬಳಸಿದ್ದು 541. ತಾರಸಿಯ ಪ್ಯಾನಲ್ ಕೊಟ್ಟಿದ್ದು 478. ಉಳಿದದ್ದು 63. ನೂರರ ತನಕ ಉಚಿತ.
ಕರೆಂಟಿಗೆ ಕಟ್ಟಬೇಕಾದದ್ದು ಸೊನ್ನೆ. ಮೂರು ಸಲ ಕೇಳಿದೆ, ಮೂರು ಸಲವೂ ಸೊನ್ನೆ.
541! ಐನೂರು ದಾಟಿದ್ದೇವೆ, ಫ್ರಿಜ್ ಒಂದು ಗಳಿಗೆಯೂ ಆಫ್ ಆಗಿಲ್ಲ. ನಿನ್ನೆಯ ಶುಗರ್ 142.
ಅತ್ತೆ ರೀಡಿಂಗ್‌ನವರಿಗೆ ಮಜ್ಜಿಗೆ ಕೊಟ್ಟು, "ತಂಪಾಗೈತಾ ತಂಬಿ? ನಮ್ ಮನೇಲಿ ಯಾವಾಗ್ಲೂ ತಂಪೇ" ಅಂದರು. ಅವರು ಹೋಗುವ ಮೊದಲೇ ಅತ್ತೆ ಬೀದಿಗಿಳಿದರು. ಒಂದೊಂದು ಮನೆ ಮುಂದೂ ನಿಂತು, "ಸೈಬರ್, ಸೈಬರ್" ಎಂದು ಕೂಗುತ್ತಾ ಹೋದರು. ಸೊನ್ನೆಗೆ ಇಲ್ಲಿನ ತಮಿಳು ಮಾತು. ಕುರಿ ಗೆದ್ದ ಪೈಲ್ವಾನನ ನಡಿಗೆ.

ಸಂಜೆ 5
ಪಳನಿಯಮ್ಮ ಬಂದಿದ್ದಾಳೆ. ಹಿಂದೆ ಇನ್ನೂ ನಾಲ್ಕು ಮನೆಯವರು. ಕೈಯಲ್ಲಿ ಹಳೆ ಬಿಲ್, ಆಧಾರ್. ಅವಳ ಮೀಟರ್ ಅಜ್ಜನ ಹೆಸರಿನಲ್ಲಿದೆಯಂತೆ. ಅತ್ತೆ ಜಗಲಿಯಲ್ಲಿ ಕೂತು ಎಲ್ಲರನ್ನೂ ವಿಚಾರಿಸುತ್ತಿದ್ದಾರೆ, ಯಾರ ತಾರಸಿಗೆ ಎಷ್ಟು ಬಿಸಿಲು, ಸೈನ್ ಹಾಕಲು ಬರುತ್ತದೋ ಇಲ್ಲವೋ—
"ಭುವನಾ! ಆಮೇಲೆ ಬರ್ಕೋ, ಪೆನ್ನು ಇಲ್ ತತ್ತಾ, ಇವ್ರಿಗೆ ಸೈನ್ ಆಕೋದು ಕಲ್ಸ—