ಹೆಳವನಿಗೆ ಗೊತ್ತಿಲ್ಲದ ಹೆಸರು

ಸಾಲಗುಂದ,
ಮಾಘ ಮಾಸ, ೧೯೫೩

ಲಿಂಗಸುಗೂರಿನ ತಮ್ಮನ ಮನೆಯಲ್ಲಿ ಮುನಿಸಿಕೊಂಡು ಕುಳಿತಿರುವ ನನ್ನ ಅತ್ತೆ ವೀರಭದ್ರಮ್ಮನವರ ಪಾದಕ್ಕೆ ಸೊಸೆ ಶೇಖರಮ್ಮ ಹಣೆ ಹಚ್ಚಿ ಮಾಡುವ ಶರಣು.

ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಈದಿದೆ. ಮೊಮ್ಮಗಳು ಕಸ್ತೂರಿ ದಿನಾ ಸಂಜೆ ಊರ ಅಗಸೆಬಾಗಿಲತನಕ ಹೋಗಿ ದಾರಿ ನೋಡಿ ಬರುತ್ತಾಳೆ. ನೀವಿಲ್ಲದ ಮನೆಯಲ್ಲಿ ನನ್ನನ್ನು ಬೈಯುವವರೇ ಇಲ್ಲ. ಬೈಗುಳ ತಿನ್ನದೆ ರೊಟ್ಟಿ ತಿಂದರೆ ಹೊಟ್ಟೆ ತುಂಬುವುದಿಲ್ಲ ಎಂದು ಈಗ ಗೊತ್ತಾಯಿತು.

ದಾಯಾದಿ ಹಂಪಣ್ಣನವರ ಕಿರಿಮಗನನ್ನು ದತ್ತು ತೆಗೆದುಕೋ ಎಂದಿರಿ, ನಾನು ಒಲ್ಲೆನೆಂದೆ. "ಗಂಡ ಸತ್ತ ಮ್ಯಾಲೆ ನಿನಗ ಭಾಳ ಸೊಕ್ಕು ಬಂದೈತಿ. ನಾ ಕಣ್ಣು ಮುಚ್ಚಿದರ ಈ ವಾಡೇದಾಗ ದೀಪ ಹಚ್ಚಾಕ ಒಂದು ಗಂಡುಕೂಸರ ಬ್ಯಾಡೇನು?" ಎಂದು ಸೀರೆ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಿರಿ. ಆ ಮಾತಿಗೆ ನನಗೆ ಸಿಟ್ಟು ಬಂದಿತ್ತು, ಈಗ ಇಲ್ಲ. ಹಾಗೆ ಕೇಳದೆ ನೀವಾದರೂ ಏನು ಮಾಡುತ್ತೀರಿ?

ನಿನ್ನೆ ಹೆಳವರ ತಾಯಪ್ಪ ಬಂದಿದ್ದ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಎಷ್ಟೋ ವರ್ಷದ ಮೇಲೆ ನಮ್ಮ ವಂಶ ಹೊಗಳಲು ಬಂದ. ಹಿಂದೆ ಅವನು ಬಂದರೆ ಜಮಖಾನೆ ಹಾಸಿ ಹತ್ತೂರಿನ ದೇಸಾಯರು ಕೂತು ಕೇಳುತ್ತಿದ್ದರಂತೆ. ದೇಸಗತಿಯ ಅಧಿಕಾರ ಹೋದ ಮೇಲೆ ನಾನು, ಕಸ್ತೂರಿ, ಕಟ್ಟೆ ಕೆದರುವ ಕೋಳಿ, ಇಷ್ಟೇ ನಮ್ಮ ದರಬಾರು. ಆದರೂ ತಾಯಪ್ಪ ದನಿ ತಗ್ಗಿಸಲಿಲ್ಲ. ಮೂಲಪುರುಷನಿಂದ ಹಿಡಿದು ಯಾರ ಮಗ ಯಾರು, ಯಾರು ಕೆರೆ ಕಟ್ಟಿಸಿದ, ಯಾರು ಕುದುರೆ ಏರಿದ ಎಂದು ಒಬ್ಬೊಬ್ಬರ ಹೆಸರನ್ನೂ ತಪ್ಪದೆ ಹೇಳಿದ. ಹೆಂಗಸರ ಸರದಿ ಬಂದಾಗ ಮಾತ್ರ ಊರಿನ ಹೆಸರು. "ಮುದಗಲ್ಲಿಂದ ಹೆಣ್ಣು ತಂದ್ರು." "ಲಿಂಗಸುಗೂರಿಂದ ಹೆಣ್ಣು ತಂದ್ರು." ಅತ್ತೆಯವರೇ, ಆ ಲಿಂಗಸುಗೂರಿನ ಹೆಣ್ಣು ನೀವು.

ರಜಾಕಾರರ ಗದ್ದಲದ ವರ್ಷ, ನಿಮ್ಮ ಮಗ ತೀರಿ ತಿಂಗಳೂ ಆಗಿರಲಿಲ್ಲ, ನಾನು ಜೀವವಿಲ್ಲದವಳಂತೆ ಕೂತಿದ್ದೆ. ಆಗ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿ, ಕಸ್ತೂರಿಯನ್ನು ಬಗಲಲ್ಲಿ ಎತ್ತಿಕೊಂಡು, ನನ್ನ ರಟ್ಟೆ ಹಿಡಿದೆಳೆದು ಹೊಳೆ ದಾಟಿಸಿದವರು ಯಾರು? ಹರಗೋಲಿನವನಿಗೆ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ: "ಮೊದಲ ಈ ಕೂಸು ದಾಟಸೋ ಯಪ್ಪಾ. ಇದು ಉಳಿದರ ನಮ್ಮ ಮನಿ ಉಳೀತು." ಆ ದಿನ ನಿಮಗೆ ಅದು ಹೆಣ್ಣುಕೂಸು ಎಂಬುದು ನೆನಪಾಗಲಿಲ್ಲ.

"ತಾಯಪ್ಪ, ನಮ್ಮ ಕಸ್ತೂರೆಮ್ಮನ ಹೆಸರೂ ಸೇರಿಸು" ಎಂದೆ. ಅವನು ತಲೆ ಕೆರೆದುಕೊಂಡ. "ಅವ್ವಾರ, ನನ್ನ ಬುದ್ಧಿಗೆ ಬಂದ ಹೆಸರು ನಾ ಸೇರ್ಸಂಗಿಲ್ರಿ. ಮನಿ ಹಿರೇರು ಕಟ್ಟಿ ಮ್ಯಾಲೆ ಕುಂತು ಹೇಳಬೇಕು. ಹೇಳೋರು ಮೊದಲ ತಮ್ಮ ಹೆಸರು ಹೇಳಬೇಕು, ಹೊಸಾ ಹೆಸರು ಆಮ್ಯಾಲ. ಹಂಗs ನಡಕೋಂತ ಬಂದೈತಿ. ಈಗ ಈ ಮನಿಗೆ ಹಿರೇರು ಯಾರದಾರ್ರಿ?" ಮಾವನವರಿಲ್ಲ, ನಿಮ್ಮ ಮಗನಿಲ್ಲ. "ನಮ್ಮ ಅತ್ತಿಯವರು ಅದಾರ, ಲಿಂಗಸುಗೂರಾಗ ಸಿಟ್ಟಾಗಿ ಕುಂತಾರ" ಎಂದೆ. ಅವನು ನಕ್ಕ. "ಹಂಗಾದರ ಅವರನ್ನs ಕರಸ್ರಿ. ಅವರ ಹೆಸರು ಏನ್ರೀ? ನನಗ ಗೊತ್ತಿಲ್ಲ" ಎಂದ. ನಿಮ್ಮ ಮಾವನ ಮುತ್ತಜ್ಜನ ಕುದುರೆಯ ಬಣ್ಣ ಗೊತ್ತು ಅವನಿಗೆ! ನಾನು ನಿಮ್ಮ ಹೆಸರು ಹೇಳಲಿಲ್ಲ. ನೀವೇ ಹೇಳಲಿ ಎಂದು ಬಿಟ್ಟೆ.

ತಾಯಪ್ಪ ತುರ್ವಿಹಾಳದ ಮನೆಗಳನ್ನು ಮುಗಿಸಿ, ಬರುವ ಸೋಮವಾರ ಮತ್ತೆ ಬರುತ್ತಾನೆ. ಆಮೇಲೆ ಅವನು ಈ ಕಡೆ ಯಾವಾಗ ತಿರುಗುತ್ತಾನೋ ಶಿವನೇ ಬಲ್ಲ.

ನನಗೆ ಹೆದರಿಕೆಯಿದೆ, ಮುಚ್ಚಿಡುವುದಿಲ್ಲ. ನೀವು ಹಂಪಣ್ಣನವರ ಮಗನ ಹೆಸರನ್ನೇ ಹೇಳಿದರೆ ಬೇಡ ಎನ್ನುವವರಿಲ್ಲ. ನಾನು ಆ ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತೇನೆ, ಮುಖ ಗಂಟಿಕ್ಕುವುದಿಲ್ಲ. ಆದರೆ ಅವನು ಹೊಸ್ತಿಲು ದಾಟಿದ ದಿನ ಕಸ್ತೂರಿ ತನ್ನ ಮನೆಯಲ್ಲೇ ಬೀಗರ ಹುಡುಗಿಯಂತೆ ಹೊರಗಿನವಳಾಗುತ್ತಾಳೆ. ಒಲ್ಲೆ ಎಂದದ್ದು ಸೊಕ್ಕಿನಿಂದಲ್ಲ, ಅದಕ್ಕಾಗಿ.

ಬನ್ನಿ. ಮಸ್ಕಿತನಕ ಬಸ್ಸಿದೆ, ಅಲ್ಲಿ ನಮ್ಮ ಆಳು ದುರುಗಪ್ಪ ಗಾಡಿ ಹೂಡಿಕೊಂಡು ನಿಂತಿರುತ್ತಾನೆ. ಮಾವನವರು ಕೂಡುತ್ತಿದ್ದ ಜಾಗದಲ್ಲೇ ಕಂಬಳಿ ಹಾಸುತ್ತೇನೆ, ಸಂಕೋಚಪಡದೆ ಕೂಡಿರಿ. ಎರಡನೆಯ ಹೆಸರು ಯಾರದಾದರೂ ಹೇಳಿರಿ, ಅದು ನಿಮ್ಮ ಮನಸ್ಸು. ಮೊದಲನೆಯದನ್ನು ಮಾತ್ರ ಊರಿಗೆಲ್ಲ ಕೇಳುವ ಹಾಗೆ ಹೇಳಿರಿ. ಅದನ್ನು ಕೇಳಲು ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ.

ಶಿವ ನಿಮ್ಮ ಮೊಣಕಾಲಿನ ನೋವು ಇಳಿಸಲಿ, ಸಿಟ್ಟನ್ನು ಮಾತ್ರ ಹಾಗೇ ಇಟ್ಟಿರಲಿ. ಈ ಮನೆಗೆ ಅದು ಬೇಕು.

ನಿಮ್ಮ ಬೈಗುಳದ ದಾರಿ ಕಾಯುತ್ತಿರುವ,
ಶೇಖರಮ್ಮ