ಎತ್ತರದ ಗಾಲಿ

ಅಳವಂಡಿ
೨೧ ಜನವರಿ ೨೦೨೫

ಮುದ್ದಿನ ಮೆಹರಾಜಳಿಗೆ,

ನಿನ್ನ ಅಮ್ಮಿಯ ಸಲಾಮು, ದುವಾ. ದಿನಾ ಫೋನು ಮಾಡುತ್ತೀಯ, ನಾನು "ಎಲ್ಲಾ ಆರಾಮ" ಎಂದು ಇಟ್ಟುಬಿಡುತ್ತೇನೆ. ಸಿಟ್ಟಾಗಬೇಡ. ಒಂದೇ ಪಡಸಾಲೆಯಲ್ಲಿ ನಿನ್ನ ಅಬ್ಬಾ ಆ ಕಡೆ, ನಿನ್ನ ತಮ್ಮ ಅಕ್ಬರ ಈ ಕಡೆ ಕೂತಿರುವಾಗ ಏನು ಹೇಳಲಿ? ಅದಕ್ಕೇ ಈ ಕಾಗದ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ತಡವಾಯಿತು.

ಸುದ್ದಿ ಇಷ್ಟು. ಗಂಗಾವತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಸಿದ್ದಲಿಂಗೇಶ ದೀಪಾವಳಿ ಮುಗಿದ ಮೇಲೆ ಬಂದಿದ್ದ. ಹಿಂದಿನ ಕಾಲದ ವಿಲಾಯತಿ ಸೈಕಲ್ಲಿನ ಚಿತ್ರ ಮೊಬೈಲಿನಲ್ಲಿ ತೋರಿಸಿದ. ಮುಂದಿನ ಗಾಲಿ ಎದೆಮಟ್ಟ, ಹಿಂದಿನದು ರೊಟ್ಟಿ ಹಂಚಿನಷ್ಟು. ಚೈನಿಲ್ಲ, ಪೆಡಲು ದೊಡ್ಡ ಗಾಲಿಗೇ. ಕೋಟು, ಉದ್ದ ಟೋಪಿ ಹಾಕಿದ ಶೋಕಿವಾಲಾಗಳು ಅದರ ನೆತ್ತಿಯ ಮೇಲೆ ಕೂತು ಮೆರೆಯುತ್ತಿದ್ದರಂತೆ. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ನಮ್ಮ ಮದುಮಕ್ಕಳಿಗೂ ಈಗ ಅದೇ ಬೇಕಂತೆ, ಒಂದು ಮಾಡಿಕೊಡಿ ಎಂದ. ಬಂಡಿಗಾಲಿ ಮಾಡಿಸುವವರಿಲ್ಲದೆ ಮರ ಕೆತ್ತುವ ಬಾಚಿಯನ್ನು ಮೂಲೆಗಿಟ್ಟಿದ್ದ ನಿನ್ನ ಅಬ್ಬಾ ಎಷ್ಟು ದಿನದ ಮೇಲೆ ನಕ್ಕರು ಗೊತ್ತೇ?

ಅದಕ್ಕೂ ಹಿಂದಿನ ಗಾಡಿಯೊಂದನ್ನು ತೋರಿಸಿದ. ಬರೀ ಮರದ್ದು, ಪೆಡಲೇ ಇಲ್ಲ. ಮೇಲೆ ಕೂತು ನೆಲ ಒದೆಯುತ್ತ ಓಡಿಸುವುದು. ಅಕ್ಬರ ಇಣುಕಿ ನೋಡಿ, "ಇದು ನನಗ ಛಲೋ ಐತಿ ನೋಡ್ರಿ, ಒಂದ ಕಾಲಿದ್ರೂ ನಡೀತೈತಿ" ಎಂದ. ಯಾರೂ ನಗಲಿಲ್ಲ. ಅಕ್ಕಿ ಮಿಲ್ಲಿನ ಬೆಲ್ಟಿಗೆ ಕಾಲು ಕೊಟ್ಟು ಬಂದ ಮೇಲೆ ಅವನ ತಮಾಷೆಗಳೆಲ್ಲ ಹೀಗೇ.

ಮೊದಲು ತೋರಿಸಿದ ಸೈಕಲ್ಲಿಗೆ ಓಡಿಸುವವನ ಕಾಲಿನ ಉದ್ದ ನೋಡಿಯೇ ಗಾಲಿ ಮಾಡಬೇಕು. ಗಿಡ್ಡವನಿಗೆ ಪೆಡಲು ಎಟುಕುವುದಿಲ್ಲ. ಸಿದ್ದಲಿಂಗೇಶ ಸಾಧಾರಣ ಎತ್ತರ ಹೇಳಿದ್ದ. ಅಬ್ಬಾ ಮಾಡಿಕೊಟ್ಟದ್ದು ಬೇರೆ, ಬಲು ಎತ್ತರದ್ದು. ಮೊದಲ ಮದುಮಗನೇ ಬಾಡಿಗೆ ಕೋಟಿನ ಸಮೇತ ಗದ್ದೆಯ ಕೆಸರಿಗೆ ಬಿದ್ದ. ಹೋದ ವಾರ ಸೈಕಲ್ಲು ಟೆಂಪೋದಲ್ಲಿ ವಾಪಸ್ಸು ಬಂತು.

"ಯಾರ ಅಳತಿಗೆ ಮಾಡೀರಿ ಇದನ್ನ, ರಾಜಾಸಾಬ ಕಾಕಾ?" ಎಂದು ಸಿದ್ದಲಿಂಗೇಶ ಕೇಳಿದ.

ಅಬ್ಬಾ ಗಾಲಿಗೆ ಮೆತ್ತಿದ್ದ ಕೆಸರು ಒರೆಸತೊಡಗಿದರು. ಒಳಗಿನಿಂದ ಅಕ್ಬರನೇ ಹೇಳಿದ: "ನನ್ನ ಅಳತಿ ಐತಿ ಅದು. ಊರಾಗ ನನ್ನಷ್ಟು ಉದ್ದ ಯಾರ ಅದಾರ? ಮುರದು ಸಣ್ಣದು ಮಾಡಿಕೊಡ್ರಿ."

ಕಬ್ಬಿಣದ ಪಟ್ಟಿ ಬಿಗಿದ ಗಾಲಿಯನ್ನು ಚಿಕ್ಕದು ಮಾಡಲಾಗದು, ಒಡೆಯಲೇಬೇಕು. ಅಬ್ಬಾ ಒಡೆಯುವುದಿಲ್ಲ. ಅದು ಬಾಗಿಲಲ್ಲೇ ನಿಂತಿದೆ. ಅದನ್ನು ದಾಟಿ ಅಕ್ಬರ ಹೊರಗೆ ಬರುವುದಿಲ್ಲ. ಅಪ್ಪ ಮಗನಿಗೆ ಮಾತಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರನ್ನು ನೋಡಿದರೂ ಅಳು. ಶುಕ್ರವಾರ ಕುಷ್ಟಗಿಯಿಂದ ಹೊರಟು ಬಾ ಮಗಳೇ. ಅಬ್ಬಾ ನಿನ್ನ ಮಾತು ಕೇಳುತ್ತಾರೆ. ಗಾಲಿ ಒಡೆಸಿಯೇ ಹೋಗು.

ಅಲ್ಲಾ ನಿನ್ನ ಮನೆಯನ್ನು ತಣ್ಣಗಿಡಲಿ. ನನ್ನ ಪರವಾಗಿ ಮಕ್ಕಳ ತಲೆ ಸವರು.

ನಿನ್ನ ಅಮ್ಮಿ
ಖೈರುನಬಿ

ಮತ್ತೊಂದು ಮಾತು: ಅಕ್ಬರನ ಕಾಲು ತೆಗೆಯುವ ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಅಬ್ಬಾ ದಾರ ಹಿಡಿದು ಆ ಕಾಲನ್ನು ಸೊಂಟದಿಂದ ಹಿಮ್ಮಡಿಯವರೆಗೆ ಅಳೆದು ಗಂಟು ಹಾಕಿದ್ದರು. ದರ್ಗಾದ ಹರಕೆಯಿರಬೇಕೆಂದು ನಾನು ಸುಮ್ಮನಿದ್ದೆ. ನಿನ್ನೆ ಕೇಳಿದೆ. "ಅಳತಿಯಾದ್ರೂ ಉಳೀಲಿ ಅಂತ" ಎಂದರು. ಆ ದಾರವನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ಇಲ್ಲಿದ್ದರೆ ಮತ್ತೆ ಅಷ್ಟೇ ಎತ್ತರದ ಗಾಲಿ ಮಾಡಿಯಾರು. ನಿನ್ನ ಹತ್ತಿರ ಇರಲಿ. ಗಂಟು ಬಿಚ್ಚಬೇಡ.