ಮರಕ್ಕೆ ಬಳಿದ ಸಗಣಿ

ನಮ್ಮ ಯಜಮಾನರಿಗೆ,

ಎದುರಿಗಿದ್ದಾಗ ನಿಮಗೆ ಒಂದು ಚೀಟಿಯನ್ನೂ ಬರೆದವಳಲ್ಲ ನಾನು. ಹೈಸ್ಕೂಲು ಓದಿದ ಹೆಂಡತಿ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಿರಲ್ಲ, ಅದಕ್ಕೆ ಈಗಲಾದರೂ ಬೆಲೆ ಬರಲಿ ಅಂತ ಕೂತಿದ್ದೇನೆ.

ಕೊನೆಯ ವರ್ಷ ನೆನಪಿದೆಯೇ? ಕಾಲು ಸೋತು, ಜಗಲಿಯ ಮೆಟ್ಟಿಲು ಹತ್ತಲು ನನ್ನ ಹೆಗಲು ಹಿಡಿಯುತ್ತಿದ್ದಿರಿ. ಆಗ ಒಬ್ಬರು ಡಾಕ್ಟರಮ್ಮ ಬಂದು ನಿಮ್ಮ ರಕ್ತ ತೆಗೆದುಕೊಂಡು ಹೋದರು. ಸ್ನಾಯು ಕರಗುವ ಈ ಕಾಯಿಲೆ ತೀರಾ ಅಪರೂಪ, ಇದರ ಸಂಶೋಧನೆಗೆ ಯಾರೂ ಹಣ ಕೊಡುವುದಿಲ್ಲ ಅಂದರು. ನಮ್ಮ ಮೊಮ್ಮಗಳು ರಶ್ಮಿ ಸುಮ್ಮನಿರಲಿಲ್ಲ. ನಿಮ್ಮ ಫೋಟೊವನ್ನು ಫೋನಿನಲ್ಲಿ ಹಾಕಿ, ನೆರವು ಕೊಡಿ ಅಂತ ಜಗತ್ತನ್ನೇ ಕೇಳಿದಳು. ಈ ಮನೆಯವರು ಕೈಯೊಡ್ಡುವುದೇ ಅಂತ ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಆದರೆ ಕೊಟ್ಟರು ಕಣ್ರೀ. ಮುಖ ನೋಡದವರೂ ಕೊಟ್ಟರು. ತಿಪಟೂರಿನ ಮಂಡಿಯಲ್ಲಿ ನಿಮ್ಮ ಕೊಬ್ಬರಿ ಚೀಲ ಹೊರುತ್ತಿದ್ದವರೂ ಕೊಟ್ಟರು.

ಈಗ ನಿಮ್ಮ ರಕ್ತದಲ್ಲಿ ಏನೋ ಒಂದು ಗುರುತು ಸಿಕ್ಕಿದೆಯಂತೆ. ಹೋದ ತಿಂಗಳು ಅದಕ್ಕೇ ನಮ್ಮ ಜಗಲಿಯಲ್ಲಿ ಡಾಕ್ಟರಮ್ಮನಿಗೂ ರಶ್ಮಿಗೂ ಜಗಳ.

“ಜನ ಕೊಟ್ಟ ದುಡ್ಡಲ್ಲಿ ಸಿಕ್ಕಿದ್ದು ಮೇಡಂ. ಈಗ್ಲೇ ಎಲ್ಲಾ ಡಾಕ್ಟರಿಗೂ ಕಾಣೋ ಹಂಗೆ ಇಂಟರ್ನೆಟ್ಟಲ್ಲಿ ಹಾಕ್ಬುಡಿ,” ಅಂದಳು ರಶ್ಮಿ.

“ಪತ್ರಿಕೇಲಿ ಅಚ್ಚಾಗ್ಲಿ ಕಣಮ್ಮ. ತಿಳಿದವರು ಮೊದ್ಲು ತಪ್ಪು ನೋಡ್ಲಿ. ಅರ್ಧಂಬರ್ಧ ಹೊರಗೆ ಬಿಟ್ರೆ, ಇದಕ್ಕೆ ಔಷಧಿ ಇದೆ ಅಂತ ನಾಳೆ ಯಾರೋ ಮಾರೋಕೆ ಕೂರ್ತಾರೆ. ನಾನು ವರ್ಷಗಟ್ಟಲೆ ದುಡಿದಿದ್ದು ಬೇರೆಯವರ ಹೆಸರಿಗೂ ಹೋಗ್ಬೋದು.”

“ಅಲ್ಲೀವರೆಗೂ ನನ್ನ ಕಾಲು ಕಾಯುತ್ತಾ ಮೇಡಂ?”

ಹೌದು ಕಣ್ರೀ. ಇದನ್ನು ಹೇಗೆ ಹೇಳಲಿ ಅಂತಲೇ ಇಷ್ಟು ಸುತ್ತಿ ಬಳಸಿ ಬಂದೆ. ನಿಮ್ಮ ಹಾಗೆಯೇ ರಶ್ಮಿಯೂ ಎಡವುತ್ತಿದ್ದಾಳೆ.

ನಿಮ್ಮ ವಿವರ ಹೊರಗೆ ಬಿಡಲು ನನ್ನ ರುಜು ಬೇಕಿತ್ತು. ನಾನು ಡಾಕ್ಟರಮ್ಮನ ಕಡೆ ನಿಂತೆ. “ಅಟ್ಟದ ಕಾಯೊಳಗೆ ಕೊಬ್ಬರಿ ಒಣಗಿ ಅಲುಗಾಡೋವರೆಗೂ ಸುಲೀತಾರೇನೇ?” ಅಂತ ಹುಡುಗಿಯ ಬಾಯಿ ಮುಚ್ಚಿಸಿದೆ. ಆದರೆ ನಾನು ಕಾಯುತ್ತಿದ್ದುದು ಕಾಯಿ ಒಣಗಲಿ ಅಂತಲೇ? ಇಲ್ಲಾ, ತಾತನ ಕಾಯಿಲೆ ಮೊಮ್ಮಗಳಿಗೂ ಬಂದಿದ್ದು ಊರಿಗೆ ತಿಳಿಯದಿರಲಿ ಅಂತಲೋ...

ಆ ರಾತ್ರಿ ಬೇಲಿಯ ಪಕ್ಕದ ತೆಂಗಿನ ಮರ ನೆನಪಾಯಿತು. ಅದರ ಕಾಂಡದಿಂದ ಕೆಂಪಗೆ ರಸ ಸೋರಿದಾಗ, ದಾರಿಹೋಕರು ನೋಡಿ ಆಡಿಕೊಂಡಾರು ಅಂತ ಸಗಣಿ ಬಳಿದವಳು ನಾನು. ನೀವು ಬೈಯಲಿಲ್ಲ. ಕೊಡ ನೀರು ತಂದು ತೊಳೆದಿರಿ. ಪಕ್ಕದ ತೋಟದ ಗಂಗಮ್ಮನನ್ನು ಕೂಗಿದಿರಿ. “ಏನ್ ರೋಗವೋ ನಂಗೂ ಗೊತ್ತಿಲ್ಲ ಕಣವ್ವ. ನಿನ್ ಮರಾನೂ ಒಂದ್ಸಲ ನೋಡ್ಕೊ.” ನೋಡಿದರೆ ಅವಳ ಎರಡು ಮರ ಆಗಲೇ ಸೋರುತ್ತಿದ್ದವು. ಅವಳೂ ಸಗಣಿ ಬಳಿದಿದ್ದಳು! ಎಷ್ಟು ನಕ್ಕಿದ್ದಿರಿ ನೀವು.

ಮರುದಿನವೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಮೇಲೇ ಬರೀರಿ. ಹುಡುಕಿದ್ದು ನೀವು ಅಂತಾನೂ ಬರೀರಿ. ಆಮೇಲೆ ಎಲ್ರಿಗೂ ತೋರ್ಸಿ.” ವಾರ ಯೋಚಿಸಿ ಒಪ್ಪಿದರು. ನಾನು ರುಜು ಹಾಕಿದೆ. ನಿಮ್ಮ ಹೆಸರು ಅಲ್ಲಿಲ್ಲ; ಬರೀ ಏಳನೇ ನಂಬರಿನ ರೋಗಿ. ಇರಲಿ ಬಿಡಿ, ಐವತ್ತು ವರ್ಷ ನಾನೂ ನಿಮ್ಮ ಹೆಸರು ಹೇಳಿದವಳಲ್ಲ.

ನಿನ್ನೆ ಸುದ್ದಿ ಬಂತು. ದೂರದ ಒಂದು ಆಸ್ಪತ್ರೆಯಲ್ಲಿ ಇನ್ನೊಬ್ಬರ ರಕ್ತದಲ್ಲೂ ಅದೇ ಗುರುತಿದೆಯಂತೆ. ಔಷಧಿ ಇನ್ನೂ ಇಲ್ಲ. ಆದರೆ ಇನ್ನು ಮೇಲೆ ನಮ್ಮ ಡಾಕ್ಟರಮ್ಮನೂ ಅಲ್ಲಿಯ ಡಾಕ್ಟರೂ ಕೂಡಿ ಹುಡುಕುತ್ತಾರೆ.

ಇವತ್ತು ಬೆಳಿಗ್ಗೆ ಗಂಗಮ್ಮ ಬೇಲಿಯಾಚೆಯಿಂದ ಕೇಳಿದಳು, “ರಶ್ಮಿ ಯಾಕ್ ಗೌರಕ್ಕ ಹಂಗೆ ಎಡವ್ತಾಳೆ?” ಇಷ್ಟು ದಿನ ಚಪ್ಪಲಿ ಸರಿಯಿಲ್ಲ ಅನ್ನುತ್ತಿದ್ದೆ. ಇವತ್ತು, “ಅವ್ರ ತಾತನ ಕಾಯಿಲೆ ಕಣೇ ಗಂಗಾ,” ಅಂದೆ.

ಅವಳು ನಮ್ಮ ಜಗಲಿಯ ಕಡೆ ನೋಡಿದಳು. ಆಮೇಲೆ, “ಆ ಮೆಟ್ಲಿಗೆ ಒಂದು ಕಂಬಿನಾದ್ರೂ ಹಾಕ್ಸಕ್ಕ, ಹಿಡ್ಕೊಳ್ಳಕ್ಕೆ,” ಅಂದಳು.

ಮೊದಮೊದಲು ಎಡವುತ್ತಿದ್ದಾಗ ನೀವೂ ಒಮ್ಮೆ ಕಂಬಿ ಕೇಳಿದ್ದಿರಿ. ನೋಡಿದವರು ಯಾಕೆ ಅಂತ ಕೇಳುತ್ತಾರೆ ಅಂತ ನಾನೇ ಬೇಡ ಅಂದಿದ್ದೆ. ನಾಳೆ ಕಂಬಿ ಹಾಕುವವರು ಬರುತ್ತಾರೆ. ದಾರಿಗೆ ಕಾಣುವ ಹಾಗೆಯೇ ಹಾಕಿಸುತ್ತೇನೆ.

ನಿಮ್ಮ
ಗೌರಿ